ಯಾವ ಕೆನ್ನೆಯ ಗೀರು

1927ನೇ ಇಸವಿ ಜನವರಿ 9, ಮಧ್ಯಾಹ್ನ ನಾಲ್ಕು ಗಂಟೆಗೆ ಬೆಟಗೇರಿಯ ಮಗ್ಗವೊಂದರಿಂದ ನನ್ನನ್ನು ಕತ್ತರಿಸಿ ಇಳಿಸಿದರು. ನಾನು ಹತ್ತಿಯ ಬಟ್ಟೆ. ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿದ ಮೇಲೆ ನನ್ನ ಅಗಲ ಹನ್ನೆರಡು ಅಡಿಯಾಯಿತು. ಧೋತರವಾಗುವೆನೆಂದುಕೊಂಡಿದ್ದೆ, ಮೂಕಿ ಸಿನಿಮಾದ ಪರದೆಯಾದೆ. ಬೇಸರವೇನಿಲ್ಲ. ಧೋತರವನ್ನು ಯಾರು ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡುತ್ತಾರೆ?

ನನ್ನನ್ನು ಕೊಂಡವನು ಪರಗೊಂಡಪ್ಪ. ಗದಗಿನ ಹತ್ತಿ ಗಿರಣಿಯ ಹಿಂದಿನ ಬಯಲಿನಲ್ಲಿ ಅವನ ಸಿನಿಮಾ ಡೇರೆಯಿತ್ತು. ಡೇರೆಯ ನಟ್ಟನಡುವೆ ನನ್ನನ್ನು ತೂಗುಹಾಕಿದ. ಮುಂದೆ ಗಂಡಸರು, ಹಿಂದೆ ಹೆಂಗಸರು. ಆಟಕ್ಕೆ ಮುಂಚೆ ಕೊಡಗಟ್ಟಲೆ ನೀರು ಎರಚಿ ನನ್ನನ್ನು ತೋಯಿಸುತ್ತಿದ್ದರು. ಒಣಬಟ್ಟೆ ಬೆಳಕನ್ನು ಚದುರಿಸಿ ಬಂದ ಕಡೆಗೇ ಎಸೆಯುತ್ತದೆ. ನೂಲುಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ತುಂಬಿದರೆ ಒಂದಷ್ಟು ಬೆಳಕು ಆಚೆಗೂ ದಾಟುತ್ತದೆ. ಹೀಗೆ ಒಂದೇ ಚಿತ್ರವನ್ನು ಎರಡೂ ಕಡೆಯವರಿಗೆ ತೋರಿಸುತ್ತಿದ್ದೆ. ಹೆಂಗಸರಿಗೆ ಮಾತ್ರ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಒಂದೇ ಕಡೆ ಕೂತು ನೋಡಿದವರಿಗೆ ಗೊತ್ತಾಗುವುದಾದರೂ ಹೇಗೆ?

ಹಿಂಬದಿಯಲ್ಲಿ ಒಂದು ಆಟವನ್ನೂ ತಪ್ಪಿಸದವಳು ಬಳೆ ಮಾರುವ ನೀಲಗಂಗವ್ವ. ಒಂದು ಹಳೆಯ ಚಿತ್ರದಲ್ಲಿ ರಾಣಿ ಕೈ ಎತ್ತಿದೊಡನೆ, "ಇದು ಹೆಣ್ಣಿನ ಮುಂಗೈ ಅಲ್ಲ ಬಿಡ್ರೇ! ಇಂವಗ ಬಳಿ ಏರಸಾಕ ಹ್ವಾದ್ರ ಡಜನ್ ಒಡೀತಾವ" ಎಂದಳು. ರಾಣಿಯ ವೇಷ ಹಾಕಿದವನು ಗಂಡಸೇ ಆಗಿದ್ದ. ಚಿತ್ರಗಳಿಗೆ ಮಾತಿಲ್ಲವೆಂದು ಯಾರೋ ಕೊರಗಿದರೆ, "ಮಾತಿಲ್ಲ ಅಂತ ಯಾರಂದ್ರು? ಆ ಕಣ್ಣು ನೋಡು. ಸುಮ್ನಿರು ಅಂದ್ರೂ ಸುಮ್ನಿರೂದಿಲ್ಲ" ಎಂದು ಗದರುತ್ತಿದ್ದಳು.

ಅವಳ ಮೆಚ್ಚಿನ ನಾಯಕನ ಕೆನ್ನೆಯ ಮೇಲೊಂದು ಕತ್ತಿಯ ಗೀರು. ಕಡೆಯ ದೃಶ್ಯದಲ್ಲಿ ಅವನ ಮುಖ ನನ್ನನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಆಗ ಅವಳು ಚಾಪೆ ಎಳೆದುಕೊಂಡು ನನ್ನ ಹತ್ತಿರಕ್ಕೆ ಸರಿಯುತ್ತಿದ್ದಳು. ಗಿರಣಿಯಲ್ಲಿ ದುಡಿಯುತ್ತಿದ್ದ ಅವಳ ಗಂಡ ಫಕೀರಪ್ಪ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ರೀಲು ಬದಲಿಸುವಾಗಲೆಲ್ಲ ನನ್ನ ಮೂಲಕವೇ ಇಬ್ಬರ ಜಗಳ.

"ಬಲಗೆನ್ನಿ ಮ್ಯಾಲ ಆ ಗೀರು ಎಷ್ಟ್ ಚಂದ ಕಾಣತೈತಿ!"

"ಎಡಗೆನ್ನಿ ಅದು. ಕಣ್ಣಿಗೆ ಔಷಧ ಹಾಕ್ಕೋ."

"ನೀ ಮೊದ್ಲ ಎಡಾ ಬಲಾ ಕಲೀ!"

ಒಂದು ದಿನ ಪರಗೊಂಡಪ್ಪ ಬಂದು ನನ್ನನ್ನು ಮುಟ್ಟಿ ನೋಡಿದ. ಚಿತ್ರ ಮಂಕೆಂದು ಗಂಡಸರು ದೂರಿದ್ದರು. ಸೋಮವಾರ ಸೀಮೆಸುಣ್ಣ ಮತ್ತು ಅಂಟು ಕಲಸಿ ನನಗೆ ದಪ್ಪಗೆ ಬಳಿಯುವುದೆಂದು ಸಾರಿದ. ಬಳಿದರೆ ಬೆಳಕೆಲ್ಲ ಮುಂದಕ್ಕೇ, ಹಿಂದೆ ಕತ್ತಲು.

"ಹಂಗಾರ ನಾವ್ ಎಲ್ಲಿ ನೋಡೂಣು?" ಎಂದಳು ನೀಲಗಂಗವ್ವ.

"ಮುಂದ ಬಂದ್ ಕೂಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಗಂಡಸರ ಸಾಲಿನ್ಯಾಗ ಕೂಡಾಕ ನಿಮ್ಮ ಮನ್ಯಾಗ ಒಪ್ಪಬೇಕಲ್ಲವಾ?"

ಒಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಭಾನುವಾರದ ಒದ್ದೆ ಪರದೆಯ ಆಟವೇ ಹೆಂಗಸರ ಪಾಲಿಗೆ ಕೊನೆಯದು. ಅಂದು ಕಡೆಯ ರೀಲಿಗೆ ಮುಂಚೆ ಫಕೀರಪ್ಪ ಎಂದಿನಂತೆ ಕೆಣಕಿದ: "ಏನ, ಇನ್ನೂ ಬಲಗೆನ್ನಿನ?"

"ತಡಿ, ಅಲ್ಲೇ ಬಂದ್ ನೋಡತೇನಿ."

ಚಾಪೆಯನ್ನು ಕಂಕುಳಲ್ಲಿ ಸಿಕ್ಕಿಸಿ, ನನ್ನ ಅಂಚನ್ನು ಎತ್ತಿ ಅವಳು ಮುಂದಕ್ಕೆ ಬಂದಳು. ಗಂಡಸರಲ್ಲೊಬ್ಬ ಕೂಗಿದ: "ಏ ಯವ್ವಾ, ದಾರಿ ತಪ್ಪೇತೇನ?"

"ನಂದಲ್ಲೋ ತಮ್ಮಾ, ನಿಮ್ಮ ಕಡೀ ಗೀರು ದಾರಿ ತಪ್ಪೇತಿ. ಸರಿ ಅತ್ತಾಗ!"

ನಗೆ ಎದ್ದಿತು. ಆ ನಗೆಯಲ್ಲೇ ಅವಳಿಗೆ ಜಾಗವಾಯಿತು. ಫಕೀರಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, "ಮರ್ಯಾದಿ ಕಳೀಬ್ಯಾಡ, ಹೋಗ" ಎಂದ.

"ಕೆಣಕಿದಾಂವ ನೀ. ಈಗ ಮಗ್ಗಲಾಗ ಕೂಡು."

ದೀಪ ಆರಿತು. ದೊಡ್ಡ ಮುಖ ನನ್ನ ಮೇಲೆ ಮೂಡಿತು. ಗೀರು ಎಡಗೆನ್ನೆಯ ಮೇಲಿತ್ತು. ನೀಲಗಂಗವ್ವ ಬಹಳ ಹೊತ್ತು ನೋಡಿದಳು.

"ಖರೇನ. ಆದ್ರ ಇಂವ ನಿಮ್ಮಂವ. ನಮ್ಮಂವ ಹಿಂದ ಅದಾನ."

ಅದನ್ನು ಕೇಳಿ ನಾಲ್ಕು ಮಂದಿ ಗಂಡಸರು ಹಿಂದಕ್ಕೆ ಓಡಿದರು. ಹಿಂದಿನಿಂದ ಹೆಂಗಸರು ಒಬ್ಬೊಬ್ಬರಾಗಿ ಮುಂದಕ್ಕೆ ಬಂದರು. ಎರಡೂ ಕಡೆ "ಹೌದಲ್ಲ! ಹೌದಲ್ಲ!" ಎಂಬ ಸದ್ದು. ಆಟ ಮುಗಿದಾಗ ಅವಳು ಚಾಪೆ ಸುತ್ತಲಿಲ್ಲ.

"ಪರಗೊಂಡಪ್ಪಣ್ಣಾ, ನಾಳಿ ಈ ಜಾಗಾ ನಂದು. ಚಾಪಿ ಇಲ್ಲೇ ಇರಲಿ."

ಮರುದಿನ ನನಗೆ ಸುಣ್ಣ ಬಳಿದರು. ಮುಂದೆ ಹಗ್ಗ ಕಟ್ಟಿ ಅರ್ಧ ಜಾಗವನ್ನು ಹೆಂಗಸರಿಗೆ ಬಿಟ್ಟರು. ಚಾಪೆಗಳು ಒಂದರ ಪಕ್ಕ ಒಂದು ಬಂದವು. ನೀಲಗಂಗವ್ವ ಆ ಸಂಜೆ ಒಮ್ಮೆ ನನ್ನ ಹಿಂದಕ್ಕೆ ಹೋಗಿ, ಕತ್ತಲಲ್ಲಿ ಅಂಗೈ ಇಟ್ಟು ನೋಡಿ ಬಂದಳು. ಬಲಗೆನ್ನೆಯ ನಾಯಕ ಮತ್ತೆ ಯಾರಿಗೂ ಕಾಣಲಿಲ್ಲ.

ಮಾತಿನ ಚಿತ್ರಗಳು ಬಂದವು. ಹೊಸ ಪರದೆ ಬಂತು. ನನ್ನನ್ನು ಹರಿದು ಡೇರೆಗೆ ತೇಪೆ ಹಾಕುವಾಗ ನೀಲಗಂಗವ್ವ ಬಂದು ಒಂದೇ ತುಂಡು ಕೇಳಿದಳು: "ಕಡೀಕ ಮಾರಿ ದೊಡ್ಡದಾಗಿ ಬರ್ತಿತ್ತಲ್ಲ, ಆ ಗೀರು ಬೀಳೂ ಜಾಗಾ." ಪರಗೊಂಡಪ್ಪ ಅಂದಾಜು ಮಾಡದೆ, ನನ್ನ ಹೊಲಿಗೆಯ ಗುರುತು ಹಿಡಿದು ಅದನ್ನೇ ಕತ್ತರಿಸಿಕೊಟ್ಟ. ಅವಳು ಸುಣ್ಣ ಹೋಗುವ ತನಕ ತಿಕ್ಕಿ ತೊಳೆದಳು.

ಈಗ ಅವಳ ಬಳೆಯ ಪೆಟ್ಟಿಗೆಯ ತಳದಲ್ಲಿ ಮಡಿಸಿಕೊಂಡು ಮಲಗಿದ್ದೇನೆ. ಅಂಚು ಹಳದಿಯಾಗಿದೆ, ನೂಲು ಇನ್ನೂ ಗಟ್ಟಿ. ಎಡವೋ ಬಲವೋ ಎಂದು ಅವರು ಜಗಳವಾಡಿದರು. ನನ್ನ ಮೇಲೆ ಆ ಗೀರು ಬೀಳುತ್ತಿದ್ದುದು ಒಂದೇ ಜಾಗದಲ್ಲಿ. ಆ ಜಾಗವಷ್ಟೇ ಈಗ ನಾನು: ಉದ್ದ ಹದಿನಾಲ್ಕು ಅಂಗುಲ, ಅಗಲ ಒಂಬತ್ತು.