ಎಂಟನೆಯ ನಟ್

ಬಿಚ್ಚಿದ ಎಂಜಿನ್ನಿನ ಆಯಿಲ್ ಚೇಂಬರಿನ ತಳದ ಕಪ್ಪು ಕೆಸರಿನಲ್ಲಿ ಬೆರಳಾಡಿಸುತ್ತಿದ್ದ ಅಡೆಲ್ಮೊನಿಗೆ ಆ ನಟ್ ಸಿಕ್ಕಿತು. ಒರೆಸಿ ನೋಡಿದ. ಅದರ ಮೇಲೊಂದು ಹಳದಿ ಚುಕ್ಕೆಯಿತ್ತು. ಅವನೇ ಇಟ್ಟ ಚುಕ್ಕೆ. ಬಿಗಿ ಮಾಡಿ ಮುಗಿಸಿದ ಪ್ರತಿ ನಟ್ಟಿಗೂ ಹೀಗೊಂದು ಚುಕ್ಕೆ ಇಡುವುದು ಐವತ್ತು ವರ್ಷಗಳಿಂದ ಅವನ ಪದ್ಧತಿ. ಚುಕ್ಕೆ ಬಿತ್ತೆಂದರೆ ಕೆಲಸ ಮುಗಿಯಿತು, ಮತ್ತೆ ತಿರುಗಿ ನೋಡಬೇಕಾಗಿಲ್ಲ.

ಪಕ್ಕದಲ್ಲೇ ಅದರ ಲಾಕ್ ವಾಷರೂ ಸಿಕ್ಕಿತು. ಈ ವಾಷರಿಗೆ ತೆಳು ತಗಡಿನ ಒಂದು ಕಿವಿ ಇರುತ್ತದೆ. ನಟ್ ತಾನಾಗಿ ಸಡಿಲವಾಗದಂತೆ ಆ ಕಿವಿಯನ್ನು ನಟ್ಟಿಗೆ ಒತ್ತಿ ಮಡಚಬೇಕು. ನಾಲ್ಕು ಪಿಸ್ಟನ್ನುಗಳ ರಾಡುಗಳಿಗೆ ಒಟ್ಟು ಎಂಟು ನಟ್, ಎಂಟು ವಾಷರ್. ಬಿಚ್ಚಿ ತಟ್ಟೆಯಲ್ಲಿಟ್ಟ ಏಳರ ಕಿವಿಯಲ್ಲೂ ಮಡಚಿದ ಗೆರೆ ಅಚ್ಚುಕಟ್ಟಾಗಿ ಮೂಡಿತ್ತು. ಇದರ ಕಿವಿ ಅಂಗಡಿಯಿಂದ ತಂದ ದಿನದ ಹಾಗೇ ಚಪ್ಪಟೆಯಾಗಿತ್ತು. ಮೂರು ವರ್ಷ ಕೂದಲೆಳೆಯಷ್ಟಷ್ಟೇ ಸಡಿಲಗೊಳ್ಳುತ್ತಾ ಬಂದ ನಟ್ ಕೊನೆಗೆ ಗುಡ್ಡದ ರಸ್ತೆಯಲ್ಲಿ ಕಳಚಿಬಿದ್ದಿತ್ತು.

ಅಡೆಲ್ಮೊ ಸ್ಟೂಲಿನ ಮೇಲೆ ಕೂತುಬಿಟ್ಟ. ಅವನಿಗೆ ಎಪ್ಪತ್ತೊಂದು. ಇಟಲಿಯ ಮೊದೆನಾ ಊರಿನ ಸುತ್ತಮುತ್ತ ಹಳೆಯ ರೇಸ್ ಕಾರು ಇಟ್ಟುಕೊಂಡವರೆಲ್ಲ ಎಂಜಿನ್ ಕಟ್ಟಿಸಲು ಅವನ ಶೆಡ್ಡಿಗೇ ಬರುತ್ತಿದ್ದರು. ಮೂರು ವರ್ಷದ ಹಿಂದೆ ಈ ಎಂಜಿನ್ ಬಿಚ್ಚಿ ಕಟ್ಟಿದ ದಿನ ಅದೊಂದನ್ನು ಯಾಕೆ ಮರೆತೆ ಎಂದು ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಮರೆತದ್ದಕ್ಕಿಂತ ನೆನಪಾಗದ್ದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

ಕಾರು ಗೆಳೆಯ ನೇರಿಯೊನದು. ನೇರಿಯೊ ಮೂವತ್ತೆಂಟು ವರ್ಷ ಗುಡ್ಡದ ರಸ್ತೆಯಲ್ಲಿ ಬಸ್ ಓಡಿಸಿ ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ, ಆ ಮಾತನ್ನು ಊರಿನವರು ಮರೆಯಲು ಅವನು ಬಿಟ್ಟಿರಲೂ ಇಲ್ಲ. ಎರಡು ಸೀಟಿನ ಆ ಹಳೆಯ ಕೆಂಪು ಕಾರೆಂದರೆ ಅವನಿಗೆ ಜೀವ. ಮೂರು ವಾರದ ಹಿಂದೆ ಇಳಿಜಾರಿನ ತಿರುವಿನಲ್ಲಿ ಎಂಜಿನ್ ಟಣ್ ಟಣ್ ಎಂದು ಬಡಿದು ನಿಂತಿತು. ಮೂರನೇ ಗೇರಿಗೆ ಹಾಕಲು ಹೋಗಿ ಒಂದಕ್ಕೆ ಹಾಕಿದೆ, ಅದಕ್ಕೇ ಎಂಜಿನ್ ಮುರಿಯಿತು ಎಂದು ಅವನೇ ತೀರ್ಮಾನ ಮಾಡಿಕೊಂಡ. ಅಂದಿನಿಂದ ಹೆಂಡತಿಯ ಪುಟ್ಟ ಕಾರನ್ನೂ ಮುಟ್ಟಿರಲಿಲ್ಲ.

ಬೇರೆ ಎಂಜಿನ್ ಕೂರಿಸು, ಕಾರನ್ನೇ ಮಾರಿಬಿಡುತ್ತೇನೆ ಎಂದು ಅವನ ಹಟ. ಕಾರು ಹುಟ್ಟಿದಾಗಿನ ಎಂಜಿನ್ ತೆಗೆದರೆ ಅದು ಆ ಕಾರೇ ಅಲ್ಲ, ಇದನ್ನೇ ಮತ್ತೆ ಕಟ್ಟೋಣ ಎಂದು ಅಡೆಲ್ಮೊನ ವಾದ. ಪಾರ್ಮಾ ಊರಿನ ಗುಜರಿಯವನ ಬಳಿ ಅದೇ ಮಾದರಿಯ ಎಂಜಿನ್ ಇತ್ತು, ಕೂರಿಸಲು ಒಂದು ವಾರ ಸಾಕು. ಹಳೆಯದನ್ನು ಬೆಸೆದು, ಉಜ್ಜಿಸಿ, ಕಟ್ಟಲು ನಾಲ್ಕು ತಿಂಗಳು ಬೇಕು. ಬಿಚ್ಚಿ ನೋಡಿ ಹೇಳುತ್ತೇನೆ ಎಂದು ಅಡೆಲ್ಮೊ ಹೇಗೋ ಒಪ್ಪಿಸಿದ್ದ.

ಈಗ ಬಿಚ್ಚಿ ನೋಡಿದ್ದಾಯಿತು. ಬೇರೆ ಎಂಜಿನ್ ಕೂರಿಸಿದರೆ ಇದು ಗುಜರಿಗೆ ಹೋಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಅಡೆಲ್ಮೊ ವಾಷರನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಹತ್ತು ಗಂಟೆಗೆ ನೇರಿಯೊ ಬಂದ. ಬಾಗಿಲಲ್ಲೇ ಕೀಟಲೆ ಶುರುಮಾಡುವವನು ಅಂದು ಸುಮ್ಮನೆ ಬೆಂಚಿಗೆ ಒರಗಿ ನಿಂತ. ಅಡೆಲ್ಮೊ ಕಾಫಿ ಬಗ್ಗಿಸಿ ಕೊಟ್ಟು, ಮುಖ ನೋಡದೆ, ನೀನು ಹೇಳಿದ್ದೇ ಸರಿ, ಪಾರ್ಮಾದ್ದನ್ನೇ ತರಿಸೋಣ ಎಂದ.

ನೇರಿಯೊ ಕಪ್ಪನ್ನು ಕುಡಿಯದೆ ಕೆಳಗಿಟ್ಟ.

"ಅಂದ್ರೆ ನಾನೇ ಕೆಡಿಸಿದ್ದು ಅಂತ ನಿನಗೂ ಗೊತ್ತಾಯ್ತು."

ಅಡೆಲ್ಮೊ ತನ್ನ ಕಪ್ಪನ್ನೆತ್ತಿ ಒಂದು ಗುಟುಕು ಕುಡಿದ.

"ನೀನು ಬೈತೀಯ ಅಂತ ಬಂದೆ ಕಣೋ. ಕೆಟ್ಟಿರೋದು ನಿನ್ನ ತಲೆ, ಕೈಯಲ್ಲ ಅಂತೀಯ ಅಂದ್ಕೊಂಡಿದ್ದೆ." ನೇರಿಯೊ ನಗಲು ನೋಡಿದ, ಆಗಲಿಲ್ಲ. "ಹೋಗ್ಲಿ ಬಿಡು. ನಿನ್ನೆ ಲೈಸೆನ್ಸ್ ತೆಗೆದು ಹೆಂಡ್ತಿ ಕೈಗೆ ಕೊಟ್ಟು, ಒಲೆಗೆ ಹಾಕು ಅಂದೆ. ಅವಳು ಅತ್ಕೊಂಡು ಸಕ್ಕರೆ ಡಬ್ಬೀಲಿ ಬಚ್ಚಿಟ್ಳು."

ಇಬ್ಬರಲ್ಲಿ ಒಬ್ಬ ತನಗೆ ವಯಸ್ಸಾಯಿತೆಂದು ಇವತ್ತು ಒಪ್ಪಿಕೊಳ್ಳಲೇಬೇಕಿತ್ತು. ಅದನ್ನು ಗೆಳೆಯನ ತಲೆಗೆ ಕಟ್ಟಿ ತಾನು ಕಾಫಿ ಕುಡಿಯುತ್ತಿದ್ದೇನೆ ಎಂದು ಅಡೆಲ್ಮೊನಿಗೆ ನಾಚಿಕೆಯಾಯಿತು. ಜೇಬಿನಿಂದ ವಾಷರ್ ತೆಗೆದು ನೇರಿಯೊನ ಅಂಗೈಯಲ್ಲಿಟ್ಟ.

"ಇದರ ಕಿವಿ ಮಡಚಬೇಕಿತ್ತು. ನಾನು ಮಡಚಿಲ್ಲ."

ನೇರಿಯೊ ಅದನ್ನು ನೋಡಿದ, ತಟ್ಟೆಯಲ್ಲಿದ್ದ ಏಳನ್ನು ನೋಡಿದ.

"ಮತ್ತೆ ಗೇರು?"

"ಸರಿಯಾಗೇ ಹಾಕಿದೀಯ. ಒಂದಕ್ಕೆ ಹಾಕಿದ್ರೆ ಎಂಜಿನ್ ಮಿತಿಮೀರಿ ಸುತ್ತಿ ವಾಲ್ವುಗಳು ಬಾಗಿರ್ತಿದ್ವು. ಒಂದೂ ಬಾಗಿಲ್ಲ."

ನೇರಿಯೊನ ಕತ್ತು ಕೆಂಪಾಯಿತು. "ಮೂರು ವಾರದಿಂದ ನನ್ನ ಕೈ ನೋಡ್ಕೊಂಡು ಕೂತಿದೀನಿ. ಕಳ್ಳನ ಕೈ ನೋಡೋ ಹಾಗೆ." ಸ್ವಲ್ಪ ತಡೆದು, "ಅದನ್ನ ಜೇಬಲ್ಲಿ ಇಟ್ಕೊಂಡೇ ಕಾಫಿ ಕೊಟ್ಟೆಯಲ್ಲೋ" ಎಂದ.

ನೇರಿಯೊ ಬಾಗಿಲಿಗೆ ಹೋಗಿ ಬೆನ್ನು ಹಾಕಿ ನಿಂತ. ಎದುರಿನ ತೋಟದಲ್ಲಿ ಏಣಿ ಹಾಕಿಕೊಂಡು ಚೆರ್ರಿ ಕೀಳುತ್ತಿದ್ದರು. ಅವನ ಬೆನ್ನಿಗೇ ಅಡೆಲ್ಮೊ ಹೇಳಿದ: ಬೊಲೊನ್ಯಾದಲ್ಲಿ ಒಬ್ಬ ಒಳ್ಳೆಯ ಕೆಲಸಗಾರನಿದ್ದಾನೆ, ಎಂಜಿನ್ನನ್ನು ಅವನಿಗೆ ಕಳಿಸುತ್ತೇನೆ, ಖರ್ಚೆಲ್ಲ ನನ್ನದೇ, ಇನ್ನು ನನ್ನ ಕೈಯನ್ನು ನಂಬಬೇಡ.

"ಎಷ್ಟು ವಯಸ್ಸು ಅವನಿಗೆ?"

"ಮೂವತ್ತೈದು ಇರಬಹುದು."

ನೇರಿಯೊ ಬಾಗಿಲಲ್ಲೇ ಈ ಕಡೆಗೆ ತಿರುಗಿದ.

"ಅವನು ಮರೆತ್ರೆ, ಬಂದು ಹೇಳ್ತಾನಾ?"

ಅಡೆಲ್ಮೊ ತಟ್ಟೆಯಲ್ಲಿದ್ದ ವಾಷರುಗಳತ್ತ ನೋಡಿದ.

"ಇದನ್ನೇ ಕಟ್ಟು. ನೀನೇ ಕಟ್ಟು." ನೇರಿಯೊನ ದನಿಯಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಹಿಂದಿರುಗಿ ಬಂದು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ವಾಷರನ್ನು ಎತ್ತಿ ಅದರ ಕಿವಿಯ ಮೇಲೆ ಹೆಬ್ಬೆರಳು ಸವರಿ ನೋಡತೊಡಗಿದ. ಅಡೆಲ್ಮೊ ಮೇಲೆ ತೂಗುತ್ತಿದ್ದ ದೀಪವನ್ನು ಅವನ ಹತ್ತಿರಕ್ಕೆ ಎಳೆದು ಹಿಡಿದ.