ಒಲೆಗೆ ಸಮೀಪ ಕೂರುವ ಗಿರಾಕಿ

ಆ ಮನುಷ್ಯ ಮತ್ತೆ ಬಂದು ಅದೇ ಜಾಗದಲ್ಲಿ ಕೂತಾಗ ಮಾಯಕ್ಕನಿಗೆ ಅನುಮಾನ ಶುರುವಾಯಿತು.

ಖಾನಾಪುರ ದಾಟಿ ನಂದಗಡದ ಕಡೆ ಹೋಗುವ ರಸ್ತೆಯ ಮೇಲೆ, ಹಿಂದೆ ಹಂಚು ಮಾಡುತ್ತಿದ್ದ ಒಂದು ಹಳೆಯ ಶೆಡ್ಡಿನಲ್ಲಿ ಮಾಯಕ್ಕ ಮತ್ತು ಅವಳ ಗಂಡ ಯಲ್ಲೇಶ ಖಾನಾವಳಿ ನಡೆಸುತ್ತಿದ್ದರು. ಅದಕ್ಕೊಂದು ಬೋರ್ಡು ಕೂಡ ಇರಲಿಲ್ಲ. ಗೋಡೆಯ ಮೇಲೆ ಯಲ್ಲೇಶನೇ ಸುಣ್ಣದಲ್ಲಿ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ‘ಊಟ’ ಎಂದು ಬರೆದಿದ್ದ. ಒಳಗೆ ಮರದ ಬೆಂಚುಗಳು, ಕಟ್ಟಿಗೆಯ ಒಲೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಮಡಕಿ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಕೆನೆಮೊಸರು. ಇವೆಲ್ಲ ಬೇರೆ ಕಡೆಯೂ ಸಿಗುತ್ತಿದ್ದವು. ಬೆಳಗಾವಿಯಿಂದ ಜನ ಕಾರು ಮಾಡಿಕೊಂಡು ಇಲ್ಲಿಗೇ ಬರುತ್ತಿದ್ದುದು ಯಲ್ಲೇಶನ ತಾಯಿ ಭರಮವ್ವ ಕುಟ್ಟುತ್ತಿದ್ದ ಗುರೆಳ್ಳು ಹಿಂಡಿ ಎಂಬ ಹುಚ್ಚೆಳ್ಳಿನ ಚಟ್ನಿಗೆ. ಗುರೆಳ್ಳನ್ನು ಎಷ್ಟು ಹುರಿಯಬೇಕು, ಬೆಳ್ಳುಳ್ಳಿಯನ್ನು ಯಾವಾಗ ಒರಳಿಗೆ ಹಾಕಬೇಕು ಎಂಬುದನ್ನು ಅವಳು ಸೊಸೆ ಮಾಯಕ್ಕನಿಗಲ್ಲದೆ ಮತ್ತಾರಿಗೂ ತೋರಿಸಿರಲಿಲ್ಲ.

ಬಂದವನು ಐವತ್ತು ದಾಟಿದ ಗೃಹಸ್ಥ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಒಬ್ಬನೇ ಬರುತ್ತಿದ್ದ. ಗಾಳಿ ಆಡುವ ಜಾಗ ಬಿಟ್ಟು, ಹೊಗೆ ಬರುವ ಅಡುಗೆಮನೆಯ ಬಾಗಿಲಿನ ಬಳಿಯೇ ಕೂರುತ್ತಿದ್ದ. ತಾಟು ಬಂದ ಕೂಡಲೇ ಊಟಕ್ಕೆ ಕೈ ಹಾಕುತ್ತಿರಲಿಲ್ಲ. ರೊಟ್ಟಿ ಎತ್ತಿ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಎಣ್ಣೆಗಾಯಿಯನ್ನು ಬೆರಳಲ್ಲಿ ಒತ್ತಿ ಕಣ್ಣು ಮುಚ್ಚುತ್ತಿದ್ದ. ಹಿಂಡಿಯನ್ನಂತೂ ಒಂದು ಚಿಟಿಕೆ ತೆಗೆದುಕೊಂಡು, ಮೂಗಿಗೆ ಹಚ್ಚುತ್ತಾನೇನೋ ಎಂಬಷ್ಟು ಸಮೀಪ ತರುತ್ತಿದ್ದ. ಆಮೇಲೆ ಅರ್ಧ ಊಟ ಬಿಟ್ಟು ಏಳುತ್ತಿದ್ದ.

“ಊಟ ಸೇರಲಿಲ್ಲೇನ್ರಿ?” ಎಂದು ಮಾಯಕ್ಕ ಒಮ್ಮೆ ಕೇಳಿದಳು.

“ಇಲ್ರಿ ಅಕ್ಕಾರ, ಛಲೋ ಐತಿ,” ಎಂದ ಅವನು. ಕೈ ತೊಳೆದು ಬಂದು ಮೆಲ್ಲಗೆ ಕೇಳಿದ: “ಗುರೆಳ್ಳ ಯಾವಾಗ ಹುರೀತೀರಿ ನೀವು? ಮುಂಜಾನೇನೋ, ಮಧ್ಯಾಹ್ನಾನೋ?”

ಮಾಯಕ್ಕನ ಮೈಯೆಲ್ಲ ಕಿವಿಯಾಯಿತು. “ಅದನ್ಯಾಕ ಕೇಳ್ತೀರಿ?”

“ಸುಮ್ನ ಕೇಳಿದೆರಿ,” ಎಂದು ಅವನು ಕಾರು ಹತ್ತಿ ಹೋದ.

ಅವಳ ಹೆದರಿಕೆಗೆ ಕಾರಣವಿತ್ತು. ಹೈವೇ ಮೇಲೆ ಹೊಸದೊಂದು ದೊಡ್ಡ ಹೋಟೆಲು ಎದ್ದಿತ್ತು. ಬಾಗಿಲಲ್ಲಿ ಸಿಮೆಂಟಿನ ಎತ್ತು, ಒಳಗೆ ಬಣ್ಣ ಬಳಿದ ಚಕ್ಕಡಿ, ಇಳಕಲ್ ಸೀರೆ ಉಡಿಸಿ ನಿಲ್ಲಿಸಿದ ಹುಡುಗಿಯರು. ‘ಹಳ್ಳಿ ಊಟ’ ಎಂದು ದೊಡ್ಡ ಅಕ್ಷರ. ಮಾಯಕ್ಕನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರನ್ನು ಅವರು ಆಗಲೇ ಕರೆದುಕೊಂಡು ಹೋಗಿದ್ದರು. ಹಿಂಡಿಯೂ ಆ ದಾರಿ ಹಿಡಿದರೆ ಇಲ್ಲಿ ಉಳಿಯುವುದು ಗೋಡೆಯ ಮೇಲಿನ ಸುಣ್ಣ ಮಾತ್ರ.

“ಅವ ಆ ಹೋಟೆಲಿನಾವನ ಆಗಿರಬೇಕು,” ಎಂದಳು ಗಂಡನಿಗೆ.

ಯಲ್ಲೇಶನಿಗೆ ಬೇರೆಯೇ ಅನುಮಾನ. “ಸರ್ಕಾರದಾಂವ ಅನಸ್ತೈತಿ ನನಗ. ಹೊಗಿ, ಕಟ್ಟಿಗಿ ಒಲಿ ಅಂತ ಏನರ ತಗದು ಬಾಗಲಾ ಹಾಕಸ್ತಾನ ನೋಡು. ನೀ ಅವನ ಜೋಡಿ ಜಗಳಾ ತಗೀಬ್ಯಾಡ.”

“ಸರ್ಕಾರದಾಂವ ಬೆಳ್ಳುಳ್ಳಿ ಮೂಸಿ ನೋಡ್ತಾನೇನ್ರಿ?”

ಯಲ್ಲೇಶ ಒಲೆಗೆ ಕಟ್ಟಿಗೆ ತುಂಬತೊಡಗಿದ.

ಮುಂದಿನ ವಾರ ಅವನು ಊಟದ ಹೊತ್ತಿಗಿಂತ ಮುಂಚೆಯೇ ಬಂದ. ಮಾಯಕ್ಕ ಬಾವಿಯಿಂದ ನೀರು ತರುತ್ತಿದ್ದಾಗ ಶೆಡ್ಡಿನ ಹಿಂಬದಿಯಲ್ಲಿ ಬಿಳಿ ಅಂಗಿ ಕಂಡಿತು. ಅವನು ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಒಳಗೆ ಭರಮವ್ವ ಗುರೆಳ್ಳು ಹುರಿಯುತ್ತಿದ್ದಳು. ಕಾಳು ಚಟಚಟ ಸಿಡಿಯುವ ಸದ್ದು ಕೇಳುತ್ತಿತ್ತು. ಅವನು ಕತ್ತೆತ್ತಿ, ಬಾಯಿ ತುಸು ತೆರೆದು, ಎದೆ ತುಂಬ ಉಸಿರೆಳೆಯುತ್ತಿದ್ದ.

“ಇಲ್ಲೇನ ಮಾಡಾಕತ್ತೀರಿ?” ಮಾಯಕ್ಕ ಕೊಡವನ್ನು ನೆಲಕ್ಕೆ ಕುಕ್ಕಿದಳು.

ಅವನು ಬೆಚ್ಚಿಬಿದ್ದ. “ನೆರಳಿಗೆ ನಿಂತಿದ್ದೆರಿ,” ಎಂದ.

ಆ ಹೊತ್ತಿನಲ್ಲಿ ಹಿಂಬದಿಯ ಗೋಡೆಗೆ ನೆರಳೇ ಇರಲಿಲ್ಲ. ಬಿಸಿಲು ಅವನ ಮುಖಕ್ಕೇ ಹೊಡೆಯುತ್ತಿತ್ತು.

ಮಾಯಕ್ಕ ಆಗಲೇ ತೀರ್ಮಾನಿಸಿದಳು. ಇವನ ಬಣ್ಣ ಬಯಲು ಮಾಡಲೇಬೇಕು. ರುಚಿ ಬಲ್ಲವನನ್ನು ಹಿಡಿಯಲು ರುಚಿಯೇ ಬಲೆ. ದೇವರ ಮಾಡದಲ್ಲಿ ದೀಪಕ್ಕೆಂದು ಇಟ್ಟಿದ್ದ ಹಳೆಯ ಶೇಂಗಾ ಎಣ್ಣೆಯ ಡಬ್ಬಿ ಇತ್ತು. ಬಹಳ ದಿನ ಬಿಸಿಲು ತಿಂದು ಅದು ಕಮಟು ನಾತ ಹೊಡೆಯುತ್ತಿತ್ತು. ಮುಚ್ಚಳ ತೆಗೆದರೆ ಮಾರು ದೂರದವರೂ ಮುಖ ತಿರುಗಿಸುವಂಥ ನಾತ. ಹಿಂಡಿಯ ಮೇಲೆ ಒಳ್ಳೆಯ ಎಣ್ಣೆಯ ಬದಲು ಅದನ್ನು ಹಾಕಿ ಕೊಟ್ಟರೆ, ಅಡುಗೆ ಬಲ್ಲವನಾದರೆ ಕೈಯನ್ನೇ ಹಚ್ಚುವುದಿಲ್ಲ. ಬೇರೆಯವರಂತೆ ಬರೀ ಬೈದು ಏಳದೆ, ಎಣ್ಣೆಗೆ ಏನಾಗಿದೆ ಎಂದು ಹೇಳಿ ತಾನು ಅಡುಗೆಯವನೆಂದು ತೋರಿಸಿಕೊಡುತ್ತಾನೆ.

“ಹುಚ್ಚ ಹಿಡದೈತೇನ ನಿನಗ?” ಯಲ್ಲೇಶ ಅವಳ ಕೈಯಿಂದ ಡಬ್ಬಿ ಕಿತ್ತುಕೊಳ್ಳಲು ನೋಡಿದ. “ಅವ ಖರೇನ ಸರ್ಕಾರದಾಂವ ಇದ್ರ?”

“ಇದ್ರ ಇರಲಿ. ಬಾಯಾಗ ಇಡೂದರಾಗ ತಾಟ ಎತ್ಕೊಂಡ ಬರ್ತೀನಿ. ತಪ್ಪಾತರಿ ಅಂತೀನಿ. ಮೊದಲ ಅವ ಯಾರಂತ ತಿಳೀಬೇಕಲ್ಲ.”

ತಾಟು ಇಟ್ಟು ಅವಳು ಬಾಗಿಲ ಬಳಿ ನಿಂತಳು. ಇಷ್ಟು ದೂರಕ್ಕೂ ನಾತ ಬರುತ್ತಿತ್ತು. ಪಕ್ಕದ ಬೆಂಚಿನ ಡ್ರೈವರ್ ಒಬ್ಬ ಮೂಗು ಸಿಂಡರಿಸಿ ಅತ್ತಿತ್ತ ನೋಡಿದ. ಆ ಮನುಷ್ಯ ಮಾತ್ರ ಎಂದಿನಂತೆ ಕಣ್ಣು ಮುಚ್ಚಿದ. ಹಿಂಡಿಯನ್ನು ಮೂಗಿಗೆ ಹಿಡಿದ. ಹಿಡಿದೇ ಇದ್ದ. ಆಮೇಲೆ ರೊಟ್ಟಿ ಮುರಿದು, ಹಿಂಡಿ ಹಚ್ಚಿ, ಬಾಯಿಗಿಟ್ಟು ಅಗಿಯತೊಡಗಿದ.

ತಾಟು ಎತ್ತಿಕೊಳ್ಳಬೇಕೆಂಬುದೇ ಮಾಯಕ್ಕನಿಗೆ ಮರೆತುಹೋಯಿತು. ಅವನು ಇನ್ನೊಂದು ತುತ್ತು ತಿಂದ. ಅವಳು ನೋಡುತ್ತಿದ್ದುದನ್ನು ಕಂಡು ನಗೆ ತಂದುಕೊಂಡ.

“ಇವತ್ತ ಹಿಂಡಿ ಭಾಳ ಛಲೋ ಆಗೇತ್ರಿ ಅಕ್ಕಾರ,” ಎಂದ. “ಘಮಾ ಅನ್ನಾಕತ್ತೈತಿ.”

ಅವಳು ಓಡಿಬಂದು ತಾಟು ಎಳೆದುಕೊಂಡಳು. ಉಳ್ಳಾಗಡ್ಡಿ ನೆಲಕ್ಕೆ ಉರುಳಿತು. “ಉಗಳ್ರಿ ಅದನ್ನ! ಕಮಟ ಎಣ್ಣಿ ಐತಿ ಅದರಾಗ, ಉಗಳ್ರಿ!”

ಅವನು ಬಾಯಲ್ಲಿದ್ದುದನ್ನು ಅಂಗೈಗೆ ತೆಗೆದುಕೊಂಡು ನೋಡಿದ. ಮುಖ ಬಿಳಿಚಿಕೊಂಡಿತು. ಡ್ರೈವರ್ ಊಟ ನಿಲ್ಲಿಸಿ ನೋಡತೊಡಗಿದ. ಯಲ್ಲೇಶ ಓಡಿಬಂದು ಕೈ ಮುಗಿಯಲು ಹೊರಟ. ಮಾಯಕ್ಕ ಅವನನ್ನು ತಡೆದಳು.

“ಖರೇ ಹೇಳ್ರಿ. ಯಾರ ಕಳಿಸ್ಯಾರ ನಿಮ್ಮನ್ನ? ಆ ಹೈವೇ ಹೋಟೆಲಿನವ್ರೋ?”

“ಯಾರೂ ಕಳಿಸಿಲ್ರಿ.”

“ಮತ್ತ ಘಮಾ ಅನ್ನಾಕತ್ತೈತಿ ಅಂತ ಸುಳ್ಳ ಯಾಕ ಹೇಳಿದ್ರಿ? ಅಂಗಳದಾಗಿನ ನಾಯಿ ಸೈತ ಇದನ್ನ ಮೂಸಿ ಓಡಿ ಹೋಗತೈತಿ!”

ಅವನು ಅಂಗೈಯನ್ನು ಟವೆಲಿಗೆ ಒರೆಸಿಕೊಂಡ. ಆಮೇಲೆ, ಡ್ರೈವರನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದ: “ನನಗ ವಾಸನಿನ ಬರೂದಿಲ್ಲರಿ.”

ಅವನ ಹೆಸರು ಗುರುಪಾದಪ್ಪ. ಮನೆ ಬೆಳಗಾವಿಯ ಖಾಸಬಾಗದಲ್ಲಿ, ಅಂಗಡಿ ರವಿವಾರ ಪೇಟೆಯಲ್ಲಿ. ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆಯ ಸಗಟು ವ್ಯಾಪಾರ, ಅಜ್ಜನ ಕಾಲದ್ದು. ಚೀಲದ ಬಾಯಿಂದ ಮುಷ್ಟಿಯಷ್ಟು ಮಾಲು ಎಳೆದು ಮೂಸಿ, ಇದು ಹಳೆಯದು, ಇದಕ್ಕೆ ನೀರು ಬಿದ್ದಿದೆ, ಇದಕ್ಕೆ ಬಣ್ಣ ಹಾಕಿದ್ದಾರೆ ಎಂದು ಹೇಳುವವನೆಂದು ಪೇಟೆಯಲ್ಲಿ ಅವನಿಗೆ ಹೆಸರಿತ್ತು. ಹಿಂದಿನ ವರ್ಷ ಬಂದ ಒಂದು ಜ್ವರ ಇಳಿಯಿತು. ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು.

“ಮೆಣಸಿನಕಾಯಿ ಘಾಟಿಗೆ ಕೆಮ್ಮ ಬರತೈತಿ, ಕಣ್ಣಾಗ ನೀರ ಬರತೈತಿ. ವಾಸನಿ ಮಾತ್ರ ಇಲ್ಲ,” ಎಂದ. “ಡಾಕ್ಟರ್ ಬಂದರ ಬರಬಹುದು ಅಂತಾರ. ಮನ್ಯಾಗ ಹೇಳಿಲ್ಲ, ಅಂಗಡ್ಯಾಗೂ ಹೇಳಿಲ್ಲ. ಈಗೂ ಚೀಲದ ಮುಂದ ನಿಂತು ಮೂಸಿದಂಗ ಮಾಡ್ತೀನಿ. ಯಾರರ ನಕ್ಕರ ಸಾಕು, ಇವಂಗ ಗೊತ್ತಾಗೇತಿ ಅನಸ್ತೈತಿ. ಹಮಾಲರು ತಮ್ಮತಮ್ಮೊಳಗ ಮಾತಾಡಿದ್ರೂ ಹಂಗ. ಅಂಗಡ್ಯಾಗಿರೂ ನನ್ನ ತಮ್ಮನ್ನ ಸೈತ ನಂಬೂದ ಬಿಟ್ಟೀನಿ.”

“ಇಲ್ಲಿಗೆ ಯಾಕ ಬಂದ್ರಿ ಮತ್ತ?” ಎಂದು ಯಲ್ಲೇಶ ಕೇಳಿದ.

ಮಳೆಗಾಲದಲ್ಲಿ ಹಳಿಯಾಳದಿಂದ ವಾಪಸ್ಸು ಬರುವಾಗ ಈ ಶೆಡ್ಡಿನ ಮುಂದೆ ಅವನ ಕಾರು ಪಂಕ್ಚರ್ ಆಗಿತ್ತಂತೆ. ಗಾಲಿ ಬದಲಿಸುತ್ತಿದ್ದಾಗ ಒಂದೇ ಒಂದು ಗಳಿಗೆ, ಎಲ್ಲಿಂದಲೋ ಹುರಿದ ಗುರೆಳ್ಳಿನ ವಾಸನೆ ಬಂತು. ಅವನು ಸ್ಪ್ಯಾನರ್ ಕೆಳಗೆ ಹಾಕಿ ಎದ್ದು ನಿಂತ. ಅಷ್ಟರಲ್ಲಿ ಹೋಗಿಬಿಟ್ಟಿತ್ತು. ಅಂದಿನಿಂದ ಅದನ್ನೇ ಹುಡುಕಿಕೊಂಡು ಬರುತ್ತಿದ್ದ.

“ಖರೇನ ಬಂದಿತ್ತೋ, ನನಗ ಹಂಗ ಅನಸಿತ್ತೋ, ಈಗ ಅದರ ಮ್ಯಾಲೂ ನಂಬಿಕಿ ಇಲ್ರಿ,” ಎಂದ ಗುರುಪಾದಪ್ಪ.

ಮಾಯಕ್ಕನಿಗೆ ನಾಚಿಕೆಯಾಯಿತು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಇಷ್ಟು ಚೆನ್ನಾಗಿ ಸುಳ್ಳು ಕಟ್ಟುವವರೂ ಇರುತ್ತಾರಲ್ಲ. ಅವಳು ಒಳಗೆ ಹೋಗಿ ಅತ್ತೆಗೆ ಎಲ್ಲ ಹೇಳಿದಳು. ಭರಮವ್ವ ಒರಳಿನ ಮುಂದಿನಿಂದ ಏಳಲಿಲ್ಲ. ಕೂತಲ್ಲಿಂದಲೇ ಕೂಗಿದಳು: “ಹೊರಗ್ಯಾಕ ನಿಲ್ತೀ ತಮ್ಮಾ? ಒಳಗ ಬಾ. ಒಲಿ ಮುಂದ ಕುಂದರು.”

“ಅತ್ತೀ, ಹಿಂಡಿ ಮಾಡೂದ ನೋಡಿಬಿಡ್ತಾರ!” ಮಾಯಕ್ಕ ಪಿಸುಗುಟ್ಟಿದಳು.

“ನೋಡಿದ್ರ ನೋಡ್ಲಿ ಬಿಡು. ಅವನ ಮಾರಿ ನೋಡಿದೇನು, ಹೆಂಗ ಬಾಡೇತಿ?”

ಅಂದಿನಿಂದ ಗುರುಪಾದಪ್ಪ ಅಡುಗೆಮನೆಯ ಒಳಗೇ ಮಣೆ ಹಾಕಿಕೊಂಡು ಕೂರತೊಡಗಿದ. ಭರಮವ್ವ ಹುರಿಯುತ್ತಿದ್ದಳು, ಅವನು ಬಾಗಿ ಉಸಿರೆಳೆಯುತ್ತಿದ್ದ. ಮಾಯಕ್ಕ ರೊಟ್ಟಿ ಬಡಿಯುತ್ತ ಅವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದಳು. ಬೆಳ್ಳುಳ್ಳಿ ಹಾಕುವಾಗ ಬೇಕೆಂದೇ ಅಡ್ಡ ನಿಲ್ಲುತ್ತಿದ್ದಳು. ಅವನು ಒರಳನ್ನು ನೋಡುತ್ತಲೇ ಇರಲಿಲ್ಲ. ಪ್ರತಿ ಸಲವೂ “ಇಲ್ಲರಿ, ಇವತ್ತೂ ಇಲ್ಲ,” ಎಂದು ಏಳುತ್ತಿದ್ದ. ಹಾಗೆ ದೀಪಾವಳಿ ಕಳೆಯಿತು, ಚಳಿ ಬಂತು.

ಒಂದು ದಿನ ಮಾಯಕ್ಕ ಎಣ್ಣೆಗಾಯಿಗೆ ಉಳ್ಳಾಗಡ್ಡಿ ಬಾಡಿಸುತ್ತಿದ್ದಳು. ಗುರುಪಾದಪ್ಪ ಇದ್ದಕ್ಕಿದ್ದಂತೆ ಟವೆಲಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೊರಗೆ ಓಡಿದ. ಬಾಗಿಲಲ್ಲಿ ನಿಂತು ಓಕರಿಸಿದ. ಗಿರಾಕಿಗಳೆಲ್ಲ ತಿರುಗಿ ನೋಡಿದರು.

“ಏನ ಸುಡಾಕತ್ತೀರಿ? ಟಾಯರ್ ಸುಟ್ಟಂಗ ನಾತ! ಯಪ್ಪಾ, ತಡ್ಯಾಕ ಆಗವಲ್ದು!”

ಮಾಯಕ್ಕನ ನೆತ್ತಿಗೆ ಬೆಂಕಿ ಹತ್ತಿತು. ತುಂಬಿದ ಖಾನಾವಳಿಯಲ್ಲಿ, ಗಿರಾಕಿಗಳ ಮುಂದೆ ಇಂಥ ಮಾತು! ಇಷ್ಟು ದಿನ ಒಳಗೆ ಕೂರಿಸಿಕೊಂಡದ್ದಕ್ಕೆ ಇದೋ ಫಲ. ಇವನು ಹೆಸರು ಕೆಡಿಸಲೆಂದೇ ಬಂದವನು, ತನ್ನ ಮೊದಲ ಅನುಮಾನವೇ ಖರೆ. ಅವಳು ಸೌಟು ಹಿಡಿದೇ ಹೊರಗೆ ಬಂದಳು.

“ನಮ್ಮ ಒಗ್ಗರಣಿ ಟಾಯರ್ ಆತೇನ್ರಿ ನಿಮಗ? ಯಾರ ರೊಕ್ಕಾ ಕೊಟ್ಟಾರ ಹಿಂಗನ್ನಾಕ?”

ಭರಮವ್ವ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಿದ್ದಳು. ಸೊಸೆಯ ಕೈಯ ಸೌಟನ್ನು ಬಾಗಿಸಿ ಹಿಡಿದಳು.

“ತಡಿ ಮಾಯಾ. ಏನಂದಿ ತಮ್ಮಾ? ನಾತ ಬಂತಾ ನಿನಗ?”

“ಹೂನ್ರಿ ಯವ್ವಾ, ಭಾಳ ಕೆಟ್ಟ...” ಎಂದ ಗುರುಪಾದಪ್ಪ ಅಲ್ಲಿಗೇ ನಿಂತ. ಟವೆಲು ಮೂಗಿನಿಂದ ಕೆಳಗಿಳಿಯಿತು.

“ಕೆಟ್ಟದ್ದಾಗಲಿ, ಛಲೋದಾಗಲಿ. ಬಂತೋ ಇಲ್ಲೋ?”

ಅವನು ತಾನಾಗಿ ಒಳಗೆ ಬಂದು ಬಾಣಲೆಯ ಮೇಲೆ ಬಾಗಿದ. ಮತ್ತೆ ಓಕರಿಕೆ ಬಂತು. ಕಣ್ಣಲ್ಲಿ ನೀರು ಬಂದರೂ ಮುಖ ಹಿಂದೆ ತೆಗೆಯಲಿಲ್ಲ. “ಬಂತರಿ,” ಎಂದ. “ಟಾಯರಿನಂಗ ಐತಿ, ಖರೇ, ಬಂತು.” ನಗುತ್ತಿದ್ದಾನೋ ಅಳುತ್ತಿದ್ದಾನೋ ಮಾಯಕ್ಕನಿಗೆ ತಿಳಿಯಲಿಲ್ಲ. ಸೌಟಿನ ಎಣ್ಣೆ ಅವಳ ಸೀರೆಯ ಮೇಲೆ ಸೋರುತ್ತಿತ್ತು.

ಮೂಗು ತಿರುಗಿ ಬರುವಾಗ ಮೊದಲು ಹೀಗೆಯೇ ಅಡ್ಡಾದಿಡ್ಡಿ ಬರುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರಂತೆ. ನಿಂಬೆಹಣ್ಣು ಸೀಮೆಎಣ್ಣೆಯಂತೆ, ಸಾಬೂನು ಮೀನಿನಂತೆ ನಾರುತ್ತಿತ್ತು. ಗುರುಪಾದಪ್ಪ ಅದನ್ನೆಲ್ಲ ಸಹಿಸಿದ. ಆದರೆ ಮನೆಯಲ್ಲಿ ಮುಚ್ಚಿಡುವುದು ಇನ್ನು ಸಾಧ್ಯವಿರಲಿಲ್ಲ. ಹೆಂಡತಿ ಮಾಡಿದ ಸಾರಿನ ಮುಂದೆ ಓಕರಿಸಿದರೆ ಏನೆಂದು ಹೇಳುವುದು? ಒಂದು ಸಂಜೆ ಅವಳನ್ನೂ ತಮ್ಮನನ್ನೂ ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟ. ತಮ್ಮ ಮರುದಿನದಿಂದ ಚೀಲಗಳ ಮುಂದೆ ತಾನೇ ನಿಂತ. ಹೆಂಡತಿ ನಾಗರತ್ನಾ ಮಾತ್ರ ಒಂದೇ ಮಾತು ಕೇಳಿದಳು: “ಖಾನಾಪುರದಾಗ ಆಕಿಗೆ ಹೇಳಿದ್ರಿ. ನನಗ ಯಾಕ ಹೇಳಲಿಲ್ಲ?”

ಮುಂದಿನ ಭಾನುವಾರ ಕಾರಿನಿಂದ ಇಬ್ಬರು ಇಳಿದರು. ನಾಗರತ್ನಾ ಶೆಡ್ಡನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಾಯಕ್ಕನನ್ನು ಹಾಗೆಯೇ ನೋಡಿದಳು: ಅವಳ ವಯಸ್ಸು, ಅವಳ ಮುಖ, ಅವಳ ಕುಂಕುಮ. ಆ ನೋಟದ ಅರ್ಥ ಮಾಯಕ್ಕನಿಗೆ ಗೊತ್ತಾಗದೆ ಇರಲಿಲ್ಲ. ಇಷ್ಟು ತಿಂಗಳು ತಾನೂ ಬಾಗಿಲಲ್ಲಿ ನಿಂತು ಅದೇ ಕಣ್ಣಿನಿಂದ ನೋಡಿದವಳು.

“ಬರ್ರಿ ವೈನಿ, ಕುಂದರ್ರಿ,” ಎಂದಳು.

“ನಮ್ಮವರು ಎಲ್ಲಿ ಕುಂದರ್ತಿದ್ರು?”

“ಒಳಗರಿ. ನಮ್ಮತ್ತಿ ಬಾಜೂಕ.”

“ಒಳಗ,” ಎಂದು ನಾಗರತ್ನಾ ಗಂಡನ ಮುಖ ನೋಡಿದಳು. ಗುರುಪಾದಪ್ಪ ನೀರಿನ ತಂಬಿಗೆ ಹುಡುಕುವವನಂತೆ ಆಚೆ ಸರಿದ.

ಮಾಯಕ್ಕ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಲೆಯ ಮುಂದೆ ಭರಮವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಇನ್ನೊಂದು ಮಣೆ ಸರಿಸಿದಳು. ನಾಗರತ್ನಾ ಕೂತಳು. ಮಸಿ ಹಿಡಿದ ಗೋಡೆ, ಒರಳು, ಮುದುಕಿಯ ಸುಕ್ಕುಗಟ್ಟಿದ ಕೈ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಅವಳ ಭುಜ ಸ್ವಲ್ಪ ಸಡಿಲವಾಯಿತು.

ಬಿಸಿ ರೊಟ್ಟಿ ಬಂತು. ಹಿಂಡಿಗೆ ಮಾಯಕ್ಕ ಅವಳ ಕಣ್ಣೆದುರೇ ಹೊಸ ಎಣ್ಣೆ ಹಾಕಿದಳು. ನಾಗರತ್ನಾ ಒಂದು ತುತ್ತು ತಿಂದು, ಇನ್ನೊಂದು ತುತ್ತು ಮುರಿದಳು.

“ಹೆಂಗೈತ್ರಿ?” ಎಂದು ಮಾಯಕ್ಕ ತಡೆಯಲಾರದೆ ಕೇಳಿದಳು.

“ಉಪ್ಪ ಒಂದೀಟ ಮುಂದ ಐತಿ,” ಎಂದಳು ನಾಗರತ್ನಾ. ಆಮೇಲೆ ತಾಟು ಮುಂದೆ ನೂಕಿದಳು. “ಇನ್ನೊಂದ ರೊಟ್ಟಿ ಹಾಕ್ರಿ.”