ಎಲ್ಲಿ ಬರೆದಿದೆ, ತೋರಿಸಿ

ನಾನು ಒಂದು ನಡವಳಿ ಪುಸ್ತಕ. ಕರಾವಳಿಯಿಂದ ವಲಸೆ ಹೋದವರ ಕಾರೆದ್ವೀಪ ಎಂಬ ಪುಟ್ಟ ದೇಶ ಸ್ವತಂತ್ರವಾದ ವರ್ಷ, ಬೈಂಡರೊಬ್ಬ ಆರುನೂರು ಹಾಳೆ ಹೊಲಿದು ನನಗೆ ಕೆಂಪು ಬಟ್ಟೆಯ ರಟ್ಟು ಹಾಕಿದ. ಸಂವಿಧಾನ ಬರೆಯಲು ಕೂತ ಸಮಿತಿ ಜಗಳವಾಡಿ ಎದ್ದುಹೋಯಿತು. ಬಿಡಿಬಿಡಿಯಾಗಿ ಕೆಲವು ಕಾಯಿದೆಗಳಾದವು. ಮಿಕ್ಕದ್ದೆಲ್ಲ ನಡೆದ ಹಾಗೆ ನಡೆಯಲಿ, ನಡೆದದ್ದನ್ನು ಬರೆದಿಡಿ ಎಂದು ನನ್ನನ್ನು ಶಾಸನಸಭೆಯ ಕಾರ್ಯದರ್ಶಿ ಬೆನೆಡಿಕ್ಟಾ ಬಾಯಮ್ಮನವರ ಕೈಗೆ ಕೊಟ್ಟರು.

ಮೊದಲ ಪ್ರಧಾನಿ ಸಂಕಪ್ಪನವರು ವಿಶ್ವಾಸಮತದಲ್ಲಿ ಸೋತ ಸಂಜೆಯೇ ರಾಜೀನಾಮೆ ಕೊಟ್ಟರು. ಯಾರೂ ಕೇಳಿರಲಿಲ್ಲ, ಅವರಿಗೇ ನಾಚಿಕೆಯಾಗಿತ್ತು. ಎರಡನೆಯವರು ಸೋತಾಗ ನನ್ನ ಆ ಪುಟ ನೋಡಿ ಹಾಗೆಯೇ ಮಾಡಿದರು. ಮೂರನೆಯವರ ಹೊತ್ತಿಗೆ ಅದು ನಿಯಮವಾಗಿತ್ತು.

ಇನ್ನೊಂದು ಕೇಳಿ. ಮಂತ್ರಿಗಳ ಸಭೆಗೆ ರಾಷ್ಟ್ರಾಧ್ಯಕ್ಷರೂ ಬರುತ್ತಿದ್ದರು. ಒಮ್ಮೆ ಕೆಪ್ಪಟೆಯಾಗಿ ಕೆನ್ನೆ ಊದಿ ಮೂರು ವಾರ ಬರಲಿಲ್ಲ. ಅವರಿಲ್ಲದೆ ಸಭೆ ಬೇಗ ಮುಗಿಯಿತು, ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಇಪ್ಪತ್ತು ವರ್ಷ ಕಳೆದು ಹೊಸ ಅಧ್ಯಕ್ಷರು ಆ ಸಭೆಗೆ ಬಂದು ಕೂತಾಗ, 'ಸಂಪ್ರದಾಯಕ್ಕೆ ವಿರುದ್ಧ' ಎಂದು ಎಲ್ಲರೂ ಕೂಗಾಡಿದರು! ಯಾರದೋ ಕೆನ್ನೆಯ ಬಾವು ಒಂದು ದೇಶದ ಸಂಪ್ರದಾಯ. ತಲೆ ಚಚ್ಚಿಕೊಳ್ಳಲು ನನಗೆ ತಲೆಯೂ ಇಲ್ಲ.

ಆಮೇಲೆ ದೂಮಪ್ಪನವರು ಪ್ರಧಾನಿಯಾದರು. ವಿಶ್ವಾಸಮತದಲ್ಲಿ ಎರಡು ಮತಗಳಿಂದ ಸೋತರು. ನೇರ ಬಾಯಮ್ಮನ ಕೋಣೆಗೆ ಬಂದರು.

"ಸೋತ ದಿನವೇ ಹೋಗ್ಬೇಕಂತ ಎಲ್ಲಿ ಬರ್ದಿದೆ ಬಾಯಮ್ಮ? ತೋರ್ಸಿ ನೋಡುವ."

ಬಾಯಮ್ಮ ನನ್ನನ್ನು ತೆರೆದರು. "ಸಂಕಪ್ಪನವ್ರು ಹೋದ್ರು. ಮತ್ತಿನವ್ರೂ ಹೋದ್ರು. ಇಷ್ಟೇ ಇರುದು."

"ಅದು ಅವ್ರ ಖುಷಿ. ಕಾನೂನಾ ಇದು?"

"ಅಲ್ಲ."

"ಮತ್ತೆ ನಾನ್ಯಾಕೆ ಹೋಗ್ಬೇಕು?"

"ಎಂತ ಹೇಳುದು ಮಾರಾಯ್ರೆ, ಇಷ್ಟು ವರ್ಷ ಯಾರೂ ಕೇಳ್ಲೇ ಇಲ್ಲ."

ಮರುದಿನ ದೂಮಪ್ಪ ಮಂತ್ರಿಗಳ ಸಭೆ ಕರೆದರು. ಒಬ್ಬರೂ ಬರಲಿಲ್ಲ. ಬಂದರು ಖಾತೆಯ ಮಂತ್ರಿಯಾಗಿದ್ದ ಅವರ ಹೆಂಡತಿಯ ತಮ್ಮನೇ ಫೋನ್ ಮಾಡಿದ: "ಭಾವ, ನಿಮ್ಮೊಟ್ಟಿಗೆ ಕೂತ್ರೆ ಊರಲ್ಲಿ ತಲೆ ಎತ್ತುದು ಹೇಗೆ?" ಖಾಲಿ ಕುರ್ಚಿಗಳ ನಡುವೆ ದೂಮಪ್ಪ ಹನ್ನೊಂದು ದಿನ ಒಬ್ಬರೇ ಕೂತರು. ಕೊನೆಗೆ ಬಾಯಮ್ಮನ ಕೋಣೆಗೆ ಬಂದು, "ಸ್ವಂತ ಇಷ್ಟದಿಂದ ಹೋದ್ರು ಅಂತ ಬರೀರಿ" ಎಂದರು.

'ಹನ್ನೊಂದು ದಿನದ ನಂತರ ಹೋದರು' ಎಂದಷ್ಟೇ ಬಾಯಮ್ಮ ಬರೆದರು.

ಇನ್ನು ಹೀಗಾಗಬಾರದೆಂದು ಶಾಸನಸಭೆ ಕಾಯಿದೆ ಮಾಡಿತು: ಸೋತವರು ಏಳು ದಿನದೊಳಗೆ ಹೋಗತಕ್ಕದ್ದು. ಮೇಜು ಕುಟ್ಟಿ ಎಲ್ಲರೂ ಸಂಭ್ರಮಿಸಿದರು.

ನನಗೀಗ ವಯಸ್ಸಾಗಿದೆ; ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಹೋದ ತಿಂಗಳು ಸೋತ ಪ್ರಧಾನಿ ಏಳೂ ದಿನ ಕುರ್ಚಿ ಬಿಡಲಿಲ್ಲ. ನೆಂಟರಿಗೆಲ್ಲ ಹುದ್ದೆ ಹಂಚಿ, ಏಳನೆಯ ಸಂಜೆ ಕಾಯಿದೆಯ ಪ್ರತಿ ಹಿಡಿದುಕೊಂಡೇ ಹೊರಬಂದರು. ಅವರು ಮಾಡಿದ್ದರಲ್ಲಿ ತಪ್ಪೆಲ್ಲಿದೆ ಎಂದು ಶಾಸನಸಭೆಯವರು ಹುಡುಕಿದರು. ಎಲ್ಲವೂ ಬರೆದಂತೆಯೇ ಇತ್ತು.